ಪಾಟೀಲರ ಆಫ್ರಿಕಾ ಪ್ಲಾನಿನಲ್ಲಿ ನಾನು ಹಿಡಿದ ತಪ್ಪುಗಳು

ಮೊನ್ನೆ ಗ್ಯಾರೇಜು ಖಾಲಿ ಮಾಡುವಾಗ ಮಡಿಚುವ ಸಲಿಕೆಯೊಂದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ನಮ್ಮ ಹಾರ್ಬೋರ್ನ್ ಬಡಾವಣೆಯಲ್ಲಿ ಗ್ಯಾರೇಜಿನೊಳಗೆ ಕಾರು ಇಡುವವರನ್ನು ನಾನು ಕಂಡಿಲ್ಲ. ಕಾರು ರಸ್ತೆಯಲ್ಲಿ ನೆನೆಯುತ್ತಿರುತ್ತದೆ. ಒಳಗೆ ಹಳೇ ಸೂಟ್‌ಕೇಸು, ಮಕ್ಕಳು ಬಿಟ್ಟುಹೋದ ಸೈಕಲ್ಲು, ಊರಿಂದ ಹೊತ್ತು ತಂದು ಒಂದು ದಿನವೂ ಬಳಸದ ಗ್ರೈಂಡರು, ಇವೆಲ್ಲ ಬೆಚ್ಚಗಿರುತ್ತವೆ. ಸಲಿಕೆಯನ್ನು ಕಸದ ರಾಶಿಗೆ ಎಸೆಯಲು ಹೊರಟಿದ್ದೆ. ನನ್ನ ಹೆಂಡತಿ ವಸುಧಾ ಕೈಯಿಂದ ಇಸಿದುಕೊಂಡು, ಒರೆಸಿ, “ಇದು ಇರಲಿ” ಎಂದು ಮತ್ತೆ ಕಪಾಟಿನಲ್ಲಿಟ್ಟಳು.

ಈ ಸಲಿಕೆಯ ಮೇಲೂ ನಾನು ಒಂದು ಕಾಲದಲ್ಲಿ ಸಂಶಯಪಟ್ಟವನು. ಗೆಳೆಯ ಪಾಟೀಲರು ಮಾಡಿದ, ಆಫ್ರಿಕಾ ಪ್ರವಾಸಕ್ಕೆ ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ದುರ್ಬೀನು, ಇನ್ನೊಬ್ಬರ ಮುಂದೆ ಔಷಧಿ ಪೆಟ್ಟಿಗೆ, ನನ್ನ ಹೆಸರಿನ ಮುಂದೆ “ಸಲಿಕೆ” ಎಂದಿತ್ತು. ಮರಳುಗಾಡಿನಲ್ಲಿ ಡೇರೆ ಹಾಕುವವರಿಗೆ ಸಲಿಕೆಯಿಂದ ಎರಡು ಉಪಯೋಗ. ಒಂದು, ಹೂತುಹೋದ ಚಕ್ರ ಬಿಡಿಸುವುದು. ಇನ್ನೊಂದು ಬೆಳಗಿನ ಹೊತ್ತಿನದು, ಅದನ್ನು ನೀವೇ ಊಹಿಸಿಕೊಳ್ಳಿ. ಈ ಎರಡರಲ್ಲಿ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ನನಗೆ ವಹಿಸಿದ್ದಾರೆ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ನೀವು ನಗಬಹುದು. ಆದರೆ ಸಂಶಯಪಡುವುದು ನನ್ನ ಕಸುಬಾಗಿತ್ತು. ಬರ್ಮಿಂಗ್‌ಹ್ಯಾಮಿನ ಒಂದು ಕಾರ್ಖಾನೆಯಲ್ಲಿ ಕಾರಿನ ಬ್ರೇಕಿನ ಭಾಗಗಳನ್ನು ತಪಾಸಣೆ ಮಾಡುವ ಇಂಜಿನಿಯರು ನಾನು. ಸಾವಿರ ಸರಿಯಾದ ಭಾಗ ನೋಡಿ ಮುಂದಕ್ಕೆ ಕಳಿಸಿದರೆ ಯಾರೂ ಬೆನ್ನು ತಟ್ಟುತ್ತಿರಲಿಲ್ಲ. ಕೂದಲೆಳೆಯಷ್ಟು ಬಿರುಕಿರುವ ಒಂದನ್ನು ಹಿಡಿದರೆ ಮ್ಯಾನೇಜರು ಬಂದು ಕೈ ಕುಲುಕುತ್ತಿದ್ದ. ಹೀಗೆ ಬದುಕಿದವನು ಸಂಜೆ ಮನೆಗೆ ಬಂದು ಬೇರೆ ಕಣ್ಣು ಹಾಕಿಕೊಳ್ಳುವುದು ಕಷ್ಟ. ಹಾಲಿನ ಬಾಟಲಿಯ ಮೇಲೆ ಬರೆದ ತಾರೀಕನ್ನು ನಾನು ನಂಬುವುದಿಲ್ಲ, ಮೂಸಿ ನೋಡುತ್ತೇನೆ.

ಕಸುಬಿನ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ಸರಿಯಲ್ಲ. ಮೈಸೂರಿನಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಿಂದ ತಲಕಾಡಿಗೆ ಕರೆದುಕೊಂಡು ಹೋಗಿದ್ದರು. ಮರಳಿನಲ್ಲಿ ಉರುಳಾಡಿ, ಹೊಳೆಯಲ್ಲಿ ಕಾಲಾಡಿಸಿ, ಚಿತ್ರಾನ್ನದ ಪೊಟ್ಟಣ ಮುಗಿಸಿ ಹೊರಡುವ ಹೊತ್ತಿಗೆ ನಾನು ಒಂದು ಮರದ ಹಿಂದೆ ತುರ್ತು ಕೆಲಸದಲ್ಲಿದ್ದೆ. ಮೇಷ್ಟ್ರು ಬಸ್ಸಿನಲ್ಲಿ ತಲೆ ಎಣಿಸಿದರು. ಲೆಕ್ಕ ಸರಿ ಬಂತು, ಯಾಕೆಂದರೆ ತಮ್ಮನ್ನೂ ಸೇರಿಸಿಕೊಂಡು ಎಣಿಸಿದ್ದರು. ಬಸ್ಸು ಹೊರಟುಹೋಯಿತು. ಕಡಲೆಕಾಯಿ ಮಾರುವ ಅಜ್ಜಿಯೊಬ್ಬಳ ಪಕ್ಕ ಕೂತು ಎರಡು ಗಂಟೆ ಅತ್ತೆ. ಅಜ್ಜಿ ಕಡಲೆಕಾಯಿ ಸುಲಿದು ಕೊಡುತ್ತಾ, “ಬತ್ತರೆ ಬುಡು ಮಗ, ಎಲ್ಲೋಯ್ತರೆ” ಎನ್ನುತ್ತಿದ್ದಳು. ಬಂದರು, ನಿಜ. ಆದರೆ ಹತ್ತು ವರ್ಷದ ಹುಡುಗನಿಗೆ ಅಂದು ಒಂದು ವಿಷಯ ಮನದಟ್ಟಾಯಿತು. ನಮ್ಮನ್ನು ಬಿಟ್ಟು ಹೋಗುವವರು ಕೆಟ್ಟವರೇ ಆಗಿರಬೇಕೆಂದಿಲ್ಲ, ಹಾಡು ಹೇಳಿಕೊಂಡು ಖುಷಿಯಾಗಿ ಬಿಟ್ಟು ಹೋಗುತ್ತಾರೆ.

ಈಗ ಆಫ್ರಿಕಾಕ್ಕೆ ಬರುತ್ತೇನೆ. ಇಸವಿ ಬದಲಾಗುವ ಗಳಿಗೆಗೆ ಲೋಕದ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಎಲ್ಲರೂ ಹೆದರಿ, ಏನೂ ಆಗದೆ, ಪೆಚ್ಚಾಗಿ ಕೂತಿದ್ದ ವರ್ಷ ಅದು. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿದ್ದ ಡಾಕ್ಟರ್ ಪಾಟೀಲರು ಐವತ್ತೆಂಟಕ್ಕೇ ಕೆಲಸ ಬಿಟ್ಟರು. ಧಾರವಾಡದವರು, ಅಲ್ಲಿ ಇಪ್ಪತ್ತೈದು ವರ್ಷ ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. ಯಾಕೆ ಬಿಟ್ಟಿರಿ ಎಂದರೆ, “ತಿರಗಾಡಬೇಕ್ರಿ. ಆಫ್ರಿಕಾ ನೋಡಬೇಕು” ಎಂದರು. ಹುಡುಗರಾಗಿದ್ದಾಗ ಅವರ ಭೂಗೋಳದ ಮೇಷ್ಟ್ರು, ಆಫ್ರಿಕಾದಲ್ಲಿ ಒಂದು ದೊಡ್ಡ ನದಿ ಸಮುದ್ರ ಸೇರದೆ ಮರಳಿನಲ್ಲೇ ಹರಡಿ ಮುಗಿದುಹೋಗುತ್ತದೆ ಎಂದಿದ್ದರಂತೆ. “ಮುಗಿದು ಹೋಗೂದಂದ್ರ ಹೆಂಗಿರತೈತಿ, ಕಣ್ಣಾರೆ ನೋಡಬೇಕು” ಎನ್ನುವುದು ಅವರ ಆಸೆ. ಇಷ್ಟು ಒಳ್ಳೆಯ ಪ್ರಾಕ್ಟೀಸನ್ನು ಒಂದು ನದಿಗಾಗಿ ಯಾರಾದರೂ ಬಿಡುತ್ತಾರೆಯೇ ಎಂದು ನನಗೆ ಮೊದಲ ಸಂಶಯ ಬಂದದ್ದು ಆಗಲೇ.

ಹೊರಡುವವರು ಆರು ಜನ. ಪಾಟೀಲರು ಮತ್ತು ಶೈಲಕ್ಕ, ನಾನು ಮತ್ತು ವಸುಧಾ, ನಾಟಿಂಗ್‌ಹ್ಯಾಮಿನ ಬೀಸ್ಟನ್ನಿಂದ ಪ್ರೊಫೆಸರ್ ಭಟ್ಟರು ಮತ್ತು ಅವರ ಹೆಂಡತಿ ಜಯಾ. ವಸುಧಾ ನಮ್ಮ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರು. ಮಕ್ಕಳೆಲ್ಲ ಅವರವರ ಯೂನಿವರ್ಸಿಟಿಯ ನೆಪ ಹೇಳಿ ಇಂಗ್ಲಿಷಿನಲ್ಲಿ ತಪ್ಪಿಸಿಕೊಂಡರು. ನಮೀಬಿಯದಲ್ಲಿ ಇಳಿದು, ಚಾವಣಿಯ ಮೇಲೆ ಡೇರೆ ಕಟ್ಟಿರುವ ಎರಡು ದೊಡ್ಡ ಗಾಡಿ ಬಾಡಿಗೆಗೆ ಹಿಡಿದು, ನಾವೇ ಓಡಿಸಿಕೊಂಡು, ನಾವೇ ಅಡಿಗೆ ಮಾಡಿಕೊಂಡು, ಬೋಟ್ಸ್‌ವಾನಾ ದಾಟಿ ಜಾಂಬಿಯದ ಜಲಪಾತ ಮುಟ್ಟುವುದು. ಒಟ್ಟು ಇಪ್ಪತ್ತನಾಲ್ಕು ದಿನ, ಮುಂದಿನ ವರ್ಷ, ಇಂಗ್ಲೆಂಡಿನ ಬೇಸಿಗೆಯಲ್ಲಿ. ಇಷ್ಟನ್ನೂ ಪಾಟೀಲರು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು, ಪ್ರಿಂಟು ತೆಗೆದು, ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತಿದ್ದರು. ತಿದ್ದಿದಾಗಲೆಲ್ಲ ಹೊಸ ನಂಬರು. ಪ್ಲಾನ್ ಒಂದು, ಪ್ಲಾನ್ ಎರಡು, ಹೀಗೆ.

ಮೊದಲ ನಾಲ್ಕು ಪ್ಲಾನು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಗ್ಯಾಸು ಯಾವ ಊರಲ್ಲಿ ತುಂಬಿಸಬೇಕು, ಕಟಕ ರೊಟ್ಟಿ ಎಷ್ಟು ದಿನಕ್ಕೆ ಮುಗಿಯಬಹುದು, ಕುಕ್ಕರಿನ ಸೀಟಿ ಕೇಳಿ ಪ್ರಾಣಿಗಳು ಬರಬಹುದೇ, ಯಾವುದನ್ನೂ ಬಿಟ್ಟಿರಲಿಲ್ಲ. ಐದನೆಯದರಲ್ಲಿ ಒಂಬತ್ತನೇ ದಿನ ಎರಡು ಸಲ ಬಂದಿತ್ತು. ಆರನೆಯದರಲ್ಲಿ ಒಂದೇ ದಿನ ಎರಡು ಕ್ಯಾಂಪಿನಲ್ಲಿ ಮಲಗುತ್ತಿದ್ದೆವು. ಏಳನೆಯದರಲ್ಲಿ ಗಾಡಿ ಓಡಿಸುವವರ ಸರದಿ ಪಟ್ಟಿಯಲ್ಲಿ, ಅಂದರೆ ರೋಟಾದಲ್ಲಿ, ನನ್ನ ಹೆಸರೇ ಇರಲಿಲ್ಲ. ಎಂಟನೆಯದು ಬಂದಾಗ ಮೊದಲ ಹಾಳೆಯಲ್ಲೇ “ಒಟ್ಟು ಜನ: ಐದು” ಎಂದಿತ್ತು. ಡೇರೆಯ ಪಟ್ಟಿಯಲ್ಲಿ ವಸುಧಾ ಒಬ್ಬಳೇ ಇದ್ದಳು.

ಹಾಳೆಯನ್ನು ಅವಳ ಮುಂದೆ ಹಿಡಿದೆ. “ಟೈಪಿಂಗ್ ತಪ್ಪಿರಬೇಕು ಬಿಡ್ರಿ” ಎಂದಳು, ಆದರೆ ನನ್ನ ಮುಖ ನೋಡಿ ಹೇಳಲಿಲ್ಲ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡಿಗೆಮನೆಗೆ ಹೋದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಗೊತ್ತಾಗುವುದಿಲ್ಲವೇ.

ಅಷ್ಟು ಹೊತ್ತಿಗೆ ನನ್ನದೊಂದು ಅಪರಾಧವೂ ಎಲ್ಲರಿಗೂ ತಿಳಿದಿತ್ತು. ಆ ಚಳಿಗಾಲದಲ್ಲಿ ಊರೊಳಗಿನ ಕಾರ್ ಪಾರ್ಕಿನ ಕಂಬಕ್ಕೆ ಕಾರು ಉಜ್ಜಿ ಎರಡು ಬಾಗಿಲು ಬದಲಿಸಬೇಕಾಗಿ ಬಂದಿತ್ತು. ಬ್ರೇಕಿನ ಇಂಜಿನಿಯರೇ ಬ್ರೇಕು ಒತ್ತಲಿಲ್ಲವಲ್ಲ ಎಂದು ಭಟ್ಟರು ವಾರಗಟ್ಟಲೆ ನಕ್ಕಿದ್ದರು. ಅದಕ್ಕೇ ನನ್ನನ್ನು ಬಿಡುತ್ತಿದ್ದಾರೆ ಎಂದು ನನ್ನ ತಲೆಯಲ್ಲಿ ಕೂತಿತು. ಒಂದು ಡೈರಿ ತಂದು ಸಾಕ್ಷಿಗಳನ್ನು ನಂಬರು ಹಾಕಿ ಬರೆಯತೊಡಗಿದೆ.

ಆಮೇಲೆ ಡರ್ಬಿಶೈರಿನ ಗುಡ್ಡದಲ್ಲಿ ಎರಡು ದಿನ ಡೇರೆ ಹಾಕುವ ಅಭ್ಯಾಸ ಇಟ್ಟುಕೊಂಡೆವು. ಎಂ ಸಿಕ್ಸ್ ಹೆದ್ದಾರಿಯ ಒಂದು ಸರ್ವಿಸಸ್ಸಿನಲ್ಲಿ, ಅಂದರೆ ಪೆಟ್ರೋಲು, ಕಾಫಿ ಸಿಗುವ ತಂಗುದಾಣದಲ್ಲಿ, ಹತ್ತು ಗಂಟೆಗೆ ಸೇರಿ, ಒಟ್ಟಿಗೆ ಹೊರಡುವುದು ಎಂದು ಪಾಟೀಲರೇ ಗೊತ್ತುಮಾಡಿದ್ದರು. ನಾನು ಕಾಫಿ ಹಿಡಿದು ರಸ್ತೆಯ ಕಡೆ ಕಣ್ಣು ನೆಟ್ಟು ನಿಂತಿದ್ದೆ. ಅವರ ನೀಲಿ ಕಾರು ಬಂತು, ಒಳಕ್ಕೆ ತಿರುಗದೆ ನನ್ನ ಕಣ್ಣೆದುರೇ ನೇರ ಮುಂದಕ್ಕೆ ಹೋಯಿತು. ಇಪ್ಪತ್ತೈದು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ ಮನುಷ್ಯ ತಿರುವು ಮರೆಯುತ್ತಾರೆಯೇ? ಒಂದೂವರೆ ಗಂಟೆ ಬಿಟ್ಟು ಬಂದು, “ಟ್ರಾಫಿಕ್ಕು” ಎಂದರು. ಪಕ್ಕದಲ್ಲಿ ಶೈಲಕ್ಕನ ಮುಖ ಬಿಳಿಚಿಕೊಂಡಿತ್ತು. ನಾನು ಡೈರಿಯಲ್ಲಿ ಬರೆದುಕೊಂಡೆ.

ಗುಡ್ಡದ ಮೇಲೆ ಮಳೆ. ಡೇರೆಯೊಳಗೆ ಗ್ಯಾಸಿನ ಒಲೆ ಹಚ್ಚಿ ಪಾಟೀಲರು ತಾವೇ ಉಪ್ಪಿಟ್ಟು ಮಾಡಿದರು. ಒಂದು ತುತ್ತು ಬಾಯಿಗಿಟ್ಟರೆ ಬರೀ ಉಪ್ಪು. ಭಟ್ಟರ ತಟ್ಟೆಗೆ ಕೈ ಹಾಕಿ ರುಚಿ ನೋಡುವ ಹಾಗಿರಲಿಲ್ಲ, ಆದ್ದರಿಂದ ಅದು ನನ್ನ ತಟ್ಟೆಗೆ ಮಾತ್ರ ಬಿದ್ದ ಉಪ್ಪು ಎಂದು ತೀರ್ಮಾನಿಸಿದೆ. ಮಿಕ್ಕವರೆಲ್ಲ ತಲೆ ತಗ್ಗಿಸಿ ತಿಂದರು. ಶೈಲಕ್ಕ ಎರಡು ಸಲ ಬಡಿಸಿಕೊಂಡರು. ಮನುಷ್ಯನನ್ನು ತಾನಾಗಿ ಬಿಟ್ಟುಹೋಗುವಂತೆ ಮಾಡಲು ಇಷ್ಟು ಕೆಳಗಿಳಿಯಬೇಕೇ ಎಂದು ನನಗೆ ಕಣ್ಣಲ್ಲಿ ನೀರು ಬಂತು, ಅರ್ಧ ಉಪ್ಪಿಗೆ, ಅರ್ಧ ಅವಮಾನಕ್ಕೆ.

ಕೊನೆಯ ಸಾಕ್ಷಿ ಸಿಕ್ಕಿದ್ದು ಫೋನಿನಲ್ಲಿ. ಆಗ ಮನೆಯಲ್ಲಿ ಕೆಳಗೊಂದು ಫೋನು, ಮಹಡಿಯ ಮೇಲೊಂದು, ಎರಡಕ್ಕೂ ಒಂದೇ ಲೈನು. ಶನಿವಾರ ಬೆಳಿಗ್ಗೆ ಕಾರಿನ ಎಮ್‌ಒಟಿ ಎಂಬ ವಾರ್ಷಿಕ ತಪಾಸಣೆಗೆ ದಿನ ಗೊತ್ತುಮಾಡಲು ಮೇಲಿನ ಫೋನು ಎತ್ತಿದೆ. ಕೆಳಗೆ ವಸುಧಾ ಮಾತಾಡುತ್ತಿದ್ದಳು. ಇಡಬೇಕಾಗಿತ್ತು. ಆ ಕಡೆಯಿಂದ ಶೈಲಕ್ಕನ ದನಿ ಕೇಳಿ ಇಡಲಿಲ್ಲ.

“ಅವರನ್ನ ಕರಕೊಂಡು ಹೋಗೂದು ಬ್ಯಾಡ ಅನಸ್ತೈತಿ ವಸುಧಾ” ಎನ್ನುತ್ತಿದ್ದರು ಶೈಲಕ್ಕ. “ಅವರ ಕೈಯಾಗ ಗಾಡಿ ಅಂತೂ ಕೊಡಾಕ ಆಗಂಗಿಲ್ಲ. ಹೇಳಿದ್ರ ಮನಸ್ಸಿಗೆ ಹಚ್ಕೋತಾರ.”

“ಅವಸರ ಬೇಡ ಶೈಲಕ್ಕ” ಎಂದಳು ನನ್ನ ಹೆಂಡತಿ. “ಅವರ ಮುಂದೆ ಈಗಲೇ ಏನೂ ಆಡಬೇಡಿ. ಒಂದು ತಿಂಗಳು ನೋಡೋಣ. ನಮ್ಮನೇಲೂ ನಾನು ಯಾರಿಗೂ ಹೇಳಿಲ್ಲ.”

ಫೋನು ಮೆಲ್ಲಗೆ ಇಟ್ಟೆ. ಕರೆದುಕೊಂಡು ಹೋಗದಿದ್ದರೆ ಬೇಡ, ಆಫ್ರಿಕಾ ಇಲ್ಲದೆಯೂ ನಾನು ಬದುಕಬಲ್ಲೆ. ಆದರೆ ಈ ದೇಶದಲ್ಲಿ ನನಗೆ ಅಣ್ಣತಮ್ಮ ಅಂತ ಇದ್ದದ್ದು ಪಾಟೀಲರೊಬ್ಬರೇ. ಬಂದ ಹೊಸದರಲ್ಲಿ ಮನೆ ಸಿಗುವವರೆಗೆ ಎರಡು ತಿಂಗಳು ಅವರ ಮನೆಯ ಮುಂದಿನ ಕೋಣೆಯಲ್ಲಿದ್ದವನು ನಾನು. ಅವರು ಬೇಡವೆಂದರು ಎನ್ನುವುದು ನನಗೆ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಭಾನುವಾರ ವಿದನ್‌ಶಾದಲ್ಲಿ ಪ್ಲಾನ್ ಒಂಬತ್ತರ ಸಭೆ. ಕದ್ದು ಕೇಳಿದ ಫೋನಿನದನ್ನು ಬರೆಯದೆ ಬಿಟ್ಟರೂ ನನ್ನ ಡೈರಿಯಲ್ಲಿ ಹನ್ನೊಂದು ಸಾಕ್ಷಿ ಸೇರಿದ್ದವು. ಅವರು ಬಿಡುವ ಮೊದಲು ನಾನೇ ಬಿಡುವುದು, ಬಿಡುವ ಮೊದಲು ಎಲ್ಲರ ಮುಂದೆ ಓದಿಹೇಳುವುದು ಎಂದು ನಿಶ್ಚಯಿಸಿಕೊಂಡು ಹೋದೆ. ಊಟವಾಗಿ ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತಿದ್ದೆವು. ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ಆ ಮನೆಯ ಮೇಲೆ ವಿಮಾನ ಹಾದುಹೋಗುವಾಗ ಮಾತು ಕೇಳಿಸುವುದಿಲ್ಲ, ಎಲ್ಲರೂ ಸುಮ್ಮನಾಗಿ ಕಾಯುವುದು ಅಲ್ಲಿಯ ರೂಢಿ. ಒಂದು ವಿಮಾನ ದಾಟಿ ಹೋಗುವುದನ್ನೇ ಕಾದು ನಾನು ಡೈರಿ ತೆಗೆದೆ.

“ಪ್ಲಾನ್ ಐದು. ಒಂಬತ್ತನೇ ದಿನ ಎರಡು ಸಲ” ಎಂದು ಶುರುಮಾಡಿದೆ. ವಸುಧಾ, “ರೀ, ಈಗ ಬೇಡ” ಎಂದಳು. ನಿಲ್ಲಿಸಲಿಲ್ಲ. ಎರಡು ಕ್ಯಾಂಪು, ರೋಟಾ, ಐದು ಜನ, ಎಂ ಸಿಕ್ಸ್, ಉಪ್ಪಿಟ್ಟು, ಒಂದೊಂದನ್ನೂ ಕಾರ್ಖಾನೆಯಲ್ಲಿ ರಿಪೋರ್ಟು ಓದುವ ದನಿಯಲ್ಲಿ ಓದಿದೆ. ಹನ್ನೊಂದೂ ಮುಗಿಸಿ, “ನಾನು ಬೇಡ ಅಂದ್ರೆ ನೇರ ಹೇಳಬಹುದಿತ್ತು ಪಾಟೀಲರೇ. ಇಷ್ಟು ತಪ್ಪು ಮಾಡೋ ಅಗತ್ಯ ಇರಲಿಲ್ಲ” ಎಂದೆ.

ಪಾಟೀಲರು ಕೈ ಚಾಚಿ ನನ್ನ ಹತ್ತಿರವಿದ್ದ ಪ್ಲಾನಿನ ಹಾಳೆಗಳನ್ನು ಇಸಿದುಕೊಂಡರು. ಕನ್ನಡಕ ಏರಿಸಿ ಒಂದೊಂದೇ ಓದಿದರು. ಎಂಟನೇ ಪ್ಲಾನಿನ ಮೇಲೆ ಬೆರಳಿಟ್ಟು, “ಇದು ನಾ ಬರದದ್ದೇನು?” ಎಂದು ಹೆಂಡತಿಯನ್ನು ಕೇಳಿದರು.

“ಸಾಕ್ರಿ ಮೂರ್ತಿಯವರ” ಎಂದರು ಶೈಲಕ್ಕ ನನಗೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. “ನಿಮ್ಮನ್ನ ಯಾರು ಬಿಡತೇವಿ ಅಂದ್ರು? ನಾ ಇವರ ಸಲುವಾಗಿ ಒದ್ದಾಡಾಕತ್ತೇನಿ.”

“ಇರಲಿ ಬಿಡು ಶೈಲಾ” ಎಂದರು ಪಾಟೀಲರು. ಹಾಳೆಗಳನ್ನು ಅಂಚು ಸರಿಮಾಡಿ ಮೊಣಕಾಲಿನ ಮೇಲಿಟ್ಟುಕೊಂಡರು. “ಎಲ್ಲಾರಿಗೂ ಗೊತ್ತಾತಲ್ಲ, ಛಲೋ ಆತು. ಮೂರ್ತಿ, ನನಗೂ ಗೊತ್ತೈತಿ. ಕ್ಲಿನಿಕ್ಕಿನ್ಯಾಗ ಒಬ್ಬಾಕಿ ಎದುರಿಗೆ ಕುಂತಿದ್ಲು. ಆಕಿ ಮೂರೂ ಹೆರಿಗಿ ಮಾಡಿಸಿದಾವ ನಾನು. ಹೆಸರು ಹೊಳೀಲಿಲ್ಲ. ಮತ್ತೊಂದು ದಿನ ಯಾವ ಔಷಧ ಬರದೆ ಅನ್ನೂದ ಮರತೆ. ಯಾರಿಗೂ ಏನೂ ಆಗೂದರೊಳಗ ಕೆಲಸ ಬಿಟ್ಟೆ. ತಿರಗಾಡಾಕ ಅಂತ ಹೇಳಿದೆ, ಅಷ್ಟ.”

ನನ್ನ ಕೈಯಲ್ಲಿ ಡೈರಿ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೊಮ್ಮೆ ಆಗಿಲ್ಲ. ಹನ್ನೊಂದು ಬಿರುಕುಗಳನ್ನು ಒಂದೂ ಬಿಡದೆ ಹಿಡಿದಿದ್ದೆ, ಬಿರುಕು ಬಿಟ್ಟಿರುವುದು ಯಾವುದು ಎಂದು ಮಾತ್ರ ನೋಡಿರಲಿಲ್ಲ.

“ಹಂಗಾರ ಆಫ್ರಿಕಾ ಬ್ಯಾಡ, ಅಲ್ಲೇನ್ರೀ?” ಎಂದರು ಶೈಲಕ್ಕ ಗಂಡನಿಗೆ. “ಮರಳುಗಾಡಿನ್ಯಾಗ ಎಲ್ಲೆರ ನಡಕೊಂತ ಹೋಗಿಬಿಟ್ರ ನಾ ಏನ್ ಮಾಡ್ಲಿ?”

“ನೋಡಿ ಮರತ್ರ ಮರೀಲಿ” ಎಂದರು ಪಾಟೀಲರು. “ನೋಡದ ಮರಿಯೂದು ಬ್ಯಾಡ.” ಆಮೇಲೆ ಹಾಳೆಯ ಕಟ್ಟನ್ನು ನನ್ನ ಕಡೆ ಚಾಚಿದರು. “ಇನ್ ಮ್ಯಾಲೆ ಪ್ಲಾನ್ ನಿಮ್ದು. ನಿಮಗ ಯಾರ ಮ್ಯಾಲೂ ನಂಬಿಕಿಲ್ಲ. ಈಗ ಅಂಥವರ ಬೇಕು ನನಗ.”

ಮನೆಗೆ ಹಿಂತಿರುಗುವಾಗ ಸ್ಟಾಫರ್ಡ್ ದಾಟಿದ ಮೇಲೆ ವಸುಧಾ ಮುಂದೆ ಫೋನಿನ ವಿಷಯ ನಾನೇ ಒಪ್ಪಿಕೊಂಡೆ.

“ಅವರು ಅಂದ್ರೆ ನೀವೇ ಅಂತ ಯಾಕೆ ಅಂದ್ಕೊಂಡ್ರಿ?” ಎಂದಳು.

“ಮತ್ತೆ ಯಾರು ಅಂದ್ಕೋಬೇಕು?”

“ಇಷ್ಟು ವರ್ಷದಲ್ಲಿ ಶೈಲಕ್ಕ ಒಂದು ಸಲವಾದ್ರೂ ಗಂಡನ ಹೆಸರು ಹೇಳಿದ್ದು ಕೇಳಿದೀರಾ? ಅವರ ಬಾಯಲ್ಲಿ ಅವರು ಅಂದ್ರೆ ಒಬ್ಬರೇ. ನಿಮ್ಮನ್ನ ಅವರು ಮೂರ್ತಿಯವರು ಅಂತಾರೆ.”

ನಿಜ. ಇಂಗ್ಲಿಷಿನವನ ಹೆಂಡತಿಯಾಗಿದ್ದರೆ ಗಂಡನ ಹೆಸರು ಹಿಡಿದೇ ಮಾತಾಡುತ್ತಿದ್ದಳು, ನನ್ನ ಮಾನ ಉಳಿಯುತ್ತಿತ್ತು. ನೀನು ನನಗಾದರೂ ಹೇಳಬಹುದಿತ್ತು ಎಂದೆ ವಸುಧಾಗೆ. “ಶೈಲಕ್ಕ ನನ್ನನ್ನ ಡಾಕ್ಟರ್ ಅಂತ ಕೇಳಿದ್ರು. ನಿಮಗೆ ಹೇಗೆ ಹೇಳಲಿ?” ಎಂದಳು.

ಮುಂದಿನ ವರ್ಷ ಎಂದಿದ್ದದ್ದನ್ನು ಆ ವರ್ಷವೇ ಆಗಸ್ಟಿಗೆ ಎಳೆದೆ. ರೋಟಾ ಬದಲಿಸಿಕೊಳ್ಳಲು ವಸುಧಾ ಆಸ್ಪತ್ರೆಯಲ್ಲಿ ಯಾರ ಯಾರ ಕೈಕಾಲು ಹಿಡಿದಳೋ ಗೊತ್ತಿಲ್ಲ. ನಾನು ಕ್ಯಾಂಪಿನವರ ಮಾತು ನಂಬಲಿಲ್ಲ, ಗಾಡಿಯವನ ಮಾತು ನಂಬಲಿಲ್ಲ, ನಕ್ಷೆಯನ್ನೂ ನಂಬಲಿಲ್ಲ. ಎಲ್ಲರಿಗೂ ಎರಡೆರಡು ಸಲ ಫೋನು ಮಾಡಿದೆ. ಪಾಟೀಲರ ಎಲ್ಲ ಅಂಗಿಗಳ ಒಳಗೆ ಶೈಲಕ್ಕ ಫೋನ್ ನಂಬರಿರುವ ಬಟ್ಟೆಪಟ್ಟಿ ಹೊಲಿದರು. ಅದನ್ನು ಕಂಡು ಅವರು, “ಸಾಲಿಗೆ ಹೊಂಟಂಗ ಐತಿ” ಎಂದು ನಕ್ಕರು.

ಪ್ರವಾಸ ಕಥನ ಬರೆಯುವ ಆಸೆ ನನಗಿಲ್ಲ. ಎರಡರಲ್ಲಿ ಒಂದು ಗಾಡಿ ನನ್ನ ಕೈಗೇ ಕೊಟ್ಟರು, ಪಾಟೀಲರು ಪಕ್ಕದಲ್ಲಿ ಕೂತು ದಾರಿ ಹೇಳಿದರು, ಅವರು ಹೇಳಿದ ದಾರಿಯನ್ನು ನಾನು ಹಿಂದೆ ಕೂತಿದ್ದ ವಸುಧಾಳ ಕಡೆ ನೋಡಿ ಖಾತ್ರಿ ಮಾಡಿಕೊಂಡೆ. ಎರಡು ಸಲ ಗಾಡಿ ಮರಳಿನಲ್ಲಿ ಹೂತುಹೋಯಿತು, ಸಲಿಕೆ ಅದರ ಎರಡೂ ಕೆಲಸ ಮಾಡಿತು. ಹದಿನೇಳನೇ ದಿನ ಆ ನದಿ ಕಂಡಿತು. ಪಾಟೀಲರು ಹುಲ್ಲಿನ ಅಂಚಿನಲ್ಲಿ ನಿಂತೇ ಇದ್ದರು. ಶೈಲಕ್ಕ ಹಿಂದಿನಿಂದ ಅವರ ಸ್ವೆಟರಿನ ತುದಿ ಹಿಡಿದುಕೊಂಡಿದ್ದರು. ಆರು ಜನ ಹೋಗಿ ಆರು ಜನ ಬಂದೆವು.

ಈಗ ಅದಾಗಿ ಆರು ವರ್ಷ. ತಿಂಗಳಿಗೊಂದು ಭಾನುವಾರ ನಾನು ವಿದನ್‌ಶಾಕ್ಕೆ ಹೋಗುತ್ತೇನೆ. ಶೈಲಕ್ಕನಿಗೆ ಅಂಗಡಿಗೆ ಹೋಗಿಬರಲು ಎರಡು ಗಂಟೆ ಸಿಗುತ್ತದೆ. ಕಳೆದ ವರ್ಷ ಒಮ್ಮೆ ಪಾಟೀಲರು ನಕ್ಷೆ ಬಿಡಿಸಿಟ್ಟು, “ಮೂರ್ತಿ, ಆಫ್ರಿಕಾಕ್ಕ ಯಾವಾಗ ಹೋಗೂಣು?” ಎಂದರು. ನಾನು ಎಂದಿನ ಚಾಳಿಯಂತೆ ತಿದ್ದಿದೆ. “ಹೋಗಿ ಬಂದಿದೀವಲ್ಲ” ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, “ನಾನೂ ಬಂದಿದ್ನೇನು?” ಎಂದು ಕೇಳಿದರು. ಆ ಮುಖ ನನಗೆ ಇನ್ನೊಮ್ಮೆ ನೋಡುವುದು ಬೇಕಾಗಿರಲಿಲ್ಲ. ಮುಂದಿನ ತಿಂಗಳು ಅದೇ ಪ್ರಶ್ನೆ ಬಂದಾಗ, “ಮೇ ತಿಂಗಳಲ್ಲಿ ಹೋಗೋಣ, ಪ್ಲಾನ್ ಮಾಡೋಣ ಬನ್ನಿ” ಎಂದೆ. ಅಲ್ಲಿಂದ ಪ್ರತಿ ಸಲ ನಾವಿಬ್ಬರೂ ಮೊದಲನೇ ದಿನದಿಂದ ಶುರುಮಾಡುತ್ತೇವೆ.

ಹೋದ ಭಾನುವಾರವೂ ಶುರುಮಾಡಿದೆವು. ವಿಮಾನ ಇಳಿಯಿತು, ಗಾಡಿ ಹಿಡಿದೆವು, ಎರಡನೇ ದಿನದ ಕ್ಯಾಂಪಿನ ಹೆಸರನ್ನು ಪ್ರವಾಸದ ಪುಸ್ತಕದಿಂದ ಓದಿ ಹೇಳಿ, ಹಾಳೆಯ ಮೇಲೆ ಬರೆದೆ.

“ಅಲ್ಲಿ ಬ್ಯಾಡ” ಎಂದರು ಪಾಟೀಲರು. “ಅಲ್ಲಿ ಬಿಸಿನೀರು ಬರಂಗಿಲ್ಲ.”

ಬಂದಿರಲಿಲ್ಲ. ಬಾಯ್ಲರು ಕೆಟ್ಟು, ಆಗಸ್ಟಿನಲ್ಲಿ ಅಲ್ಲಿ ಚಳಿಗಾಲವಾದ್ದರಿಂದ ಆರು ಜನವೂ ಗಡಗಡ ನಡುಗುತ್ತಾ ತಣ್ಣೀರು ಸುರಿದುಕೊಂಡಿದ್ದೆವು. ಅದು ಯಾವ ಪುಸ್ತಕದಲ್ಲೂ ಇಲ್ಲ, ನಾನು ಬರೆದಿಟ್ಟ ಯಾವ ಪ್ಲಾನಿನಲ್ಲೂ ಇಲ್ಲ. ತಲೆಯೆತ್ತಿ ಅವರ ಮುಖ ನೋಡಿದೆ. ಈ ಮನುಷ್ಯನಿಗೆ ಎಲ್ಲವೂ ನೆನಪಿದೆಯೋ, ನೀರಿನ ಚಳಿ ಒಂದೇ ಉಳಿದಿದೆಯೋ, ಅಥವಾ ತಿಂಗಳಿಗೊಮ್ಮೆ ನಾನು ಬಂದು ಕೂತುಕೊಳ್ಳಲಿ ಅಂತಲೇ ಇಷ್ಟು ದಿನ ಕೇಳುತ್ತಿದ್ದರೋ. ಅವರು ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು. ಒಂದು ಪ್ರಶ್ನೆ ಕೇಳಿದ್ದರೆ ತಿಳಿದುಬಿಡುತ್ತಿತ್ತು.

ಆ ಹೆಸರಿನ ಮೇಲೆ ಗೀಟು ಎಳೆದೆ. “ಹಾಗಾದರೆ ಎಲ್ಲಿ ಉಳಿಯೋಣ, ನೀವೇ ಹೇಳಿ” ಎಂದೆ.